ಮುಖ ಓದಲು ಕಲಿಸುವ ದುರ್ಗಿ

ಕೇಣಿಯ ದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ದುರ್ಗಿ ಆಗಲೇ ಕಿವಿರು ಬಿಡಿಸಿ ನೋಡಿ ಎರಡು ಬುಟ್ಟಿ ಬಂಗಡೆ ಆರಿಸಿದ್ದಾಳೆ, ಮೇಲೆ ಒದ್ದೆ ಗೋಣಿ ಹೊದೆಸಿದ್ದಾಳೆ. ಪಕ್ಕದಲ್ಲಿ ಇಪ್ಪತ್ತಾರರ ಮಗ ಕಿಶನ. ಮೀನು ಮಾರುವ ಗೆಳತಿ ಬೀರಿ ಎದುರಿಗೆ ಬಂದು ಬುಟ್ಟಿ ಇಳಿಸುತ್ತಾಳೆ.

"ಬೀರಿ ಮುಖ ಎಂತ ಹೇಳ್ತದೆ?" ದುರ್ಗಿ ಮಗನನ್ನು ಕೇಳುತ್ತಾಳೆ.

"ಸಿಟ್ಟು."

"ಸಿಟ್ಟಲ್ಲ ಮಾರಾಯಾ, ನಿದ್ದೆ ಇಲ್ಲ. ಸಿಟ್ಟು ಬಂದಿದ್ರೆ ಇಷ್ಟೊತ್ತಿಗೆ ಊರೆಲ್ಲ ಎಬ್ಬಿಸ್ತಿತ್ತು."

"ನಿನ್ನ ನಾಲಿಗೆಗೆ ಬೆಂಕಿ ಬೀಳ" ಎಂದು ಬೀರಿ ಬೈಯುತ್ತ ನಗುತ್ತಾಳೆ.

"ಈಗ?"

"ನಗು."

"ಹಾಂ. ಒಂದು ಸಿಕ್ತು."

ಇನ್ನು ಬಸ್ ಹಿಡಿದು ಅಂಕೋಲೆ ಪೇಟೆ, ಅಲ್ಲಿಂದ ನಡೆದು ಬಾಳೆಗುಳಿ. ದಿನಕ್ಕೆ ಮೂವತ್ತು ಮನೆ, ಮೂವತ್ತು ಮುಖ. ಮೂವತ್ತು ವರ್ಷದಿಂದ ತಲೆಯ ಮೇಲೆ ಬುಟ್ಟಿ ಹೊತ್ತ ದುರ್ಗಿಗೆ ಬಾಗಿಲು ತೆರೆದವರ ಹುಬ್ಬು ನೋಡಿದರೆ ಸಾಕು, ಬಂಗಡೆಯೋ ತಾರ್ಲಿಯೋ, ಮನೆಯಲ್ಲಿ ಜಗಳವೋ ನೆಂಟರೋ, ಎಲ್ಲ ತಿಳಿಯುತ್ತದೆ. ಆ ವಿದ್ಯೆಯನ್ನೇ ಈಗ ಮಗನಿಗೆ ಕಲಿಸುತ್ತಿದ್ದಾಳೆ.

ಕಿಶನ ಹದಿನೇಳಕ್ಕೆ ದೋಣಿ ಹತ್ತಿದ. ಅದೇ ವರ್ಷ ಗಾಂಜಾ ಸೇದಲು ಕಲಿತ. ಎಂಟು ವರ್ಷ ಒಂದು ದಿನವೂ ತಪ್ಪಲಿಲ್ಲ. ಗಲಾಟೆ ಮಾಡಿದವನಲ್ಲ, ಹೊಡೆದವನಲ್ಲ. ಸುಮ್ಮನಾಗುತ್ತ ಹೋದ, ಅಷ್ಟೇ. ಅಪ್ಪ ತೀರಿದ ದಿನ ಹೆಣದ ಪಕ್ಕ ಕೂತು ಅವಲಕ್ಕಿ ತಿಂದ. ನೆಂಟರು ಕಲ್ಲು ಎಂದರು. "ಅಳದೇ ಇದ್ದವರೆಲ್ಲ ಕಲ್ಲಲ್ಲ" ಎನ್ನುತ್ತಾಳೆ ದುರ್ಗಿ. "ಒಳಗೆ ಎಂತದೋ ಮರಗಟ್ಟಿರ್ತದೆ. ಅದು ಹೊರಗಿನವ್ರಿಗೆ ಕಾಣೂದಿಲ್ಲ."

ಎರಡು ವರ್ಷದ ಹಿಂದೆ ಅದು ಎಲ್ಲರಿಗೂ ಕಂಡಿತು. ದೊಡ್ಡ ದೋಣಿಯಲ್ಲಿ ಎಂಜಿನ್ ಸದ್ದಿಗೆ ಮಾತು ಕೇಳಿಸದು. ಬಲೆ ಎಳೆಯುವವರಿಗೆ ಎದುರಿನವನ ಮುಖವೇ ಮಾತು. ಒಂದು ದಿನ, ಜೊತೆಗೆ ಬಲೆ ಎಳೆಯುತ್ತಿದ್ದ ಕುಪ್ಪನ ಎಡಗೈ ಹಗ್ಗಕ್ಕೂ ದೋಣಿಯ ಅಂಚಿಗೂ ನಡುವೆ ಸಿಕ್ಕಿತು. ಅವನ ಬಾಯಿ ತೆರೆದಿತ್ತು, ಹಲ್ಲು ಕಾಣುತ್ತಿತ್ತು. ಎದುರಿಗಿದ್ದ ಕಿಶನ, ಕುಪ್ಪ ನಗುತ್ತಿದ್ದಾನೆ ಎಂದುಕೊಂಡು ಹಗ್ಗ ಜಗ್ಗುತ್ತಲೇ ಇದ್ದ. ಎರಡು ಬೆರಳು ಹೋದವು.

ಬೇಕೆಂದೇ ಮಾಡಿದ ಎಂದವರೂ ಇದ್ದರು. ದುರ್ಗಿ ಮಗನನ್ನು ಕಾರವಾರದ ಡಾಕ್ಟರ ಬಳಿ ಕರೆದೊಯ್ದಳು. ಅವರು ಬಿಡಿಸಿ ಹೇಳಿದರು: ವರ್ಷಗಟ್ಟಲೆ ದಿನವೂ ಗಾಂಜಾ ಸೇದುವ ಕೆಲವರಲ್ಲಿ, ಇನ್ನೊಬ್ಬರ ಮುಖದಲ್ಲಿನ ಹೆದರಿಕೆ, ದುಃಖ, ಸಿಟ್ಟು ಗುರುತಿಸುವ ಮಿದುಳಿನ ಕೆಲಸ ಮಂದವಾಗುತ್ತದೆ, ತನ್ನ ಭಾವನೆಯೂ ಮಸುಕಾಗಬಹುದು. ಬಿಟ್ಟರೆ ಹಲವರಿಗೆ ನಿಧಾನಕ್ಕೆ ಸುಧಾರಿಸುತ್ತದೆ, ಎಷ್ಟು ಎಂದು ಮೊದಲೇ ಹೇಳಲಾಗದು.

"ನಂಗೆ ಒಂದೇ ತಿಳೀತು. ಅಂವ ಕೆಟ್ಟವ ಅಲ್ಲ, ಅಂವಂಗೆ ಕಾಣ್ತಾ ಇರ್ಲಿಲ್ಲ" ಎನ್ನುತ್ತಾಳೆ ದುರ್ಗಿ.

ಆಮೇಲೆ ತಿಂಗಳಿಗೊಮ್ಮೆ ಅರ್ಗಾ ದಾಟಿ ಕಾರವಾರಕ್ಕೆ ಹೋಗುವುದು ತಪ್ಪಲಿಲ್ಲ. ಕಿಶನ ಸೇದುವುದು ಬಿಟ್ಟು ಹದಿನಾಲ್ಕು ತಿಂಗಳು; ನಡುವೆ ಒಮ್ಮೆ ಜಾರಿದ್ದ, ಮತ್ತೆ ಎದ್ದ. ಮೀನು ಮಾರುವುದು ಹೆಂಗಸರ ಕೆಲಸ ಎಂದು ಪೇಟೆಯ ಗಂಡಸರು ನಕ್ಕರೂ ತಾಯಿಯ ಹಿಂದೆ ಬುಟ್ಟಿ ಹೊತ್ತ. ಮೊದಲು ಮೂವತ್ತು ಮುಖದಲ್ಲಿ ಎಂಟು ಸರಿ ಹೇಳುತ್ತಿದ್ದ. ಈಗ ಇಪ್ಪತ್ತು ದಾಟುತ್ತಾನೆ.

ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದಿದೆ. ದೊಡ್ಡ ದೋಣಿಗಳು ನಾಳೆ ಕಡಲಿಗಿಳಿಯುತ್ತವೆ. ಕಿಶನನಿಗೆ ಮತ್ತೆ ಹಗ್ಗ ಕೊಡಬೇಕೋ ಬೇಡವೋ? ದೋಣಿಯ ಯಜಮಾನ, ತಾಂಡೇಲ ಮಂಗೇಶನದು ಒಂದೇ ಮಾತು: ಪೆಟ್ಟು ತಿಂದವನು ಒಪ್ಪಬೇಕು.

ಪೆಟ್ಟು ತಿಂದ ಕುಪ್ಪನೇ ಈಗ ದಂಡೆಯ ಮೇಲೆ ಬರುತ್ತಿದ್ದಾನೆ. ಮೂರು ಬೆರಳಿನ ಕೈಯನ್ನು ಸೊಂಟಕ್ಕಿಟ್ಟು, ಕಿಶನನ ಎದುರು ನಿಂತು, ಹಲ್ಲೆಲ್ಲ ಕಾಣುವಂತೆ ಬಾಯಿ ತೆರೆಯುತ್ತಾನೆ.

"ಏ ಕಿಶನ, ನಾ ಈಗ ನಗ್ತಾ ಇದ್ದೆನೋ ಇಲ್ವೋ, ಹೇಳು ನೋಡ್ವ."

ಸುತ್ತಲಿನವರು ನಗುತ್ತಾರೆ. ದುರ್ಗಿ ಗೋಣಿಯ ಅಂಚು ಹಿಡಿದು ಕೂತಿದ್ದಾಳೆ. ಇಂದು ಅವಳು ಏನೂ ಹೇಳಿಕೊಡುವಂತಿಲ್ಲ. ಕಿಶನ ಬಹಳ ಹೊತ್ತು ನೋಡುತ್ತಾನೆ.

"ಬಾಯಿ ನಗ್ತದೆ" ಎನ್ನುತ್ತಾನೆ. "ಕಣ್ಣಲ್ಲಿ ಹೆದರಿಕೆ ಉಂಟು. ನನ್ನ ಕೈಗೆ ಹಗ್ಗ ಕೊಡೂಕೆ ಹೆದರಿಕೆ."

ಕುಪ್ಪ ಬಾಯಿ ಮುಚ್ಚಿ, ಕಡಲ ಕಡೆ ಒಮ್ಮೆ ನೋಡಿ, ಕಿಶನನ ಕಡೆ ತಿರುಗುತ್ತಾನೆ.

"ನಾಳೆ ಬಾ. ನನ್ನ ಎದುರಿಗೇ ನಿಲ್ಲು."

ಬೀರಿ ದುರ್ಗಿಯ ಬೆನ್ನಿಗೆ ಒಂದು ಗುದ್ದುತ್ತಾಳೆ. "ಇನ್ನು ಎರಡೂ ಬುಟ್ಟಿ ನೀನೇ ಹೊರು!"

"ಹೊರ್ತೆ. ಮೊದಲೆಲ್ಲ ಮತ್ಯಾರು ಹೊತ್ತದ್ದು?" ಎನ್ನುತ್ತ ದುರ್ಗಿ ಎದ್ದು ತಲೆಯ ಮೇಲಿನ ಸಿಂಬಿ ಸರಿಮಾಡಿಕೊಳ್ಳುತ್ತಾಳೆ. ಅವಳಿಗೆ ಬೇಕಾದ್ದು ಹೆಚ್ಚಿಲ್ಲ: ದೋಣಿ ಹೋದ ಹಾಗೇ ತಿರುಗಿ ಬರಬೇಕು, ಎಲ್ಲರ ಕೈಬೆರಳೂ ಸರಿ ಇರಬೇಕು. ಕಿಶನ ಬುಟ್ಟಿ ಎತ್ತಿಕೊಡಲು ಬಂದಾಗ ಮಾತ್ರ ಅವಳು ಬೇಗನೆ ಬೇರೆ ಕಡೆ ತಿರುಗುತ್ತಾಳೆ.

"ಮೊದಲಾದ್ರೆ ಅಂವನ ಎದುರಿಗೇ ಅತ್ರೂ ಗೊತ್ತಾಗ್ತಿರ್ಲಿಲ್ಲ" ಎನ್ನುತ್ತಾಳೆ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. "ಈಗ ಮುಖ ಅಡಗಿಸ್ಬೇಕು ನೋಡಿ. ಹಿಡಿದುಬಿಡ್ತಾನೆ."