ಪಡುವಣದ ಕಿಟಕಿ

ಇವತ್ತು ಬೆಳಿಗ್ಗೆ ನನ್ನ ಬಾಡಿಗೆ ಕೋಣೆಯ ಎದುರು ಮನೆಯವರು ಮಡಕೆಯಲ್ಲಿ ಚಿಪ್ಪಿನ ಸುಣ್ಣ ಹಾಕಿ ನೀರು ಹೊಯ್ದರು. ಸುಣ್ಣ ನೀರು ಕುಡಿಯುವಾಗ ಸುಯ್ ಎಂದು ಒಂದು ಸದ್ದು ಬರುತ್ತದೆ, ನಿಮಗೆ ಗೊತ್ತಲ್ಲ, ಸಿಟ್ಟು ಬಂದ ಸೋದರಮಾವ ಹಲ್ಲು ಕಚ್ಚಿಕೊಂಡು ಉಸಿರು ಬಿಟ್ಟ ಹಾಗೆ. ಅದರ ಹಿಂದೆಯೇ ಬಿಸಿ ಆವಿ, ಮೂಗಿನ ಒಳಗೆ ಕೆರೆಯುವ ವಾಸನೆ. ಹಲ್ಲುಜ್ಜುತ್ತಾ ನಿಂತಿದ್ದವನು ಹಾಗೆಯೇ ನಿಂತುಬಿಟ್ಟೆ. ಬೆನ್ನ ಮೇಲೆ ಯಾರೋ ತಣ್ಣನೆಯ ಅಂಗೈ ಇಟ್ಟಂತಾಯಿತು. ಸುಣ್ಣದ ವಾಸನೆಗೆ ಹೆದರುವ ಗಂಡಸನ್ನು ನೀವು ಈವರೆಗೆ ನೋಡಿರಲಿಕ್ಕಿಲ್ಲ. ನೋಡಿ, ನೋಡುವುದಕ್ಕೇನೂ ಖರ್ಚಿಲ್ಲ.

ಮೊದಲು ನನ್ನ ಕಸುಬಿನ ವಿಷಯ ಹೇಳಿಬಿಡುತ್ತೇನೆ. ಹೊಟ್ಟೆಗೆ ಕಾಸರಗೋಡಿನ ಜವುಳಿ ಅಂಗಡಿಯಲ್ಲಿ ಬಟ್ಟೆ ಹರಿಯುವುದು, ಆದರೆ ನಿಜವಾದ ಕಸುಬು ಅಣಕಿಸುವುದು. ರೈಲು ತಡವಾದದ್ದು ಪ್ರಯಾಣಿಕರದ್ದೇ ತಪ್ಪು ಎನ್ನುವ ಸ್ಟೇಷನ್ ಮಾಸ್ಟರರ ಸ್ವರ, ನಿನ್ನೆಯ ಬಂಗುಡೆ ಮೀನನ್ನು ಇವತ್ತಿನದ್ದೆಂದು ಹೊಗಳುವ ಹೆಂಗಸಿನ ಸ್ವರ, ಕೋರ್ಟಿನಲ್ಲಿ ಸೋತು ಬಂದು ಗೆದ್ದವರ ಹಾಗೆ ಕೆಮ್ಮುವವರ ಸ್ವರ, ಎಲ್ಲವೂ ನನ್ನ ಗಂಟಲಲ್ಲಿ ಒಕ್ಕಲು. ಬಾಡಿಗೆಯವರು ತುಂಬಿದ ಮನೆಯಲ್ಲಿ ಯಜಮಾನನಿಗೆ ಚಾಪೆ ಹಾಸಲು ಜಾಗ ಇಲ್ಲದ ಹಾಗೆ, ನನ್ನ ಸ್ವಂತ ಸ್ವರಕ್ಕೆ ಅಲ್ಲಿ ಜಾಗವಿರಲಿಲ್ಲ. ಇದ್ದ ಆ ಸ್ವರವಾದರೂ ಎಂಥದ್ದು? ಎಣ್ಣೆ ಕಾಣದ ರಾಟೆಯದ್ದು. ಆದ್ದರಿಂದ ಮನೆಗೆ ಬರುವಾಗಲೂ ನಾನು ಬೇರೆ ಯಾರಾದರೂ ಆಗಿಯೇ ಬರುತ್ತಿದ್ದೆ.

ನಾನು ಹೇಳಹೊರಟ ಮನೆ ಶಿರಿಯದಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿಂದ ಸ್ವಲ್ಪ ತೆಂಕಕ್ಕೆ, ಮರಳಿನ ಮೇಲೆ ಉಂಟು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮನ ಮನೆ. ನಮ್ಮ ಕಡೆ ಕಡಲ ಬದಿಯ ಹಳೆಯ ಮನೆಗಳಿಗೆ ಪಡುವಣದಲ್ಲಿ ಕಿಟಕಿ ಇಡುವುದಿಲ್ಲ. ಮಳೆಗಾಲದಲ್ಲಿ ಗಾಳಿ ಆ ಕಡೆಯಿಂದ ಹೊಡೆಯುತ್ತದೆ, ಉಪ್ಪು ನೀರು ಮರ ತಿನ್ನುತ್ತದೆ, ಅಷ್ಟೇ ಕಾರಣ. ಆದರೆ ಅಷ್ಟೇ ಎಂದರೆ ಮಕ್ಕಳು ಕೇಳುತ್ತಾರೆಯೇ? ಅದಕ್ಕೆ ಹಿರಿಯರು ಬೇರೆಯೇ ಒಂದು ಮಾತು ಇಟ್ಟುಕೊಂಡಿದ್ದರು: ಕಡಲನ್ನು ನೋಡುವ ಮನೆಯನ್ನು ಕಡಲೂ ನೋಡುತ್ತದೆ. ಸಣ್ಣವನಾಗಿದ್ದಾಗ ಈ ಮಾತು ಕೇಳಿ ನಾನು ದಡದಲ್ಲಿ ಕಡಲಿಗೆ ಬೆನ್ನು ಹಾಕಿ ಕೂತುಕೊಳ್ಳುತ್ತಿದ್ದೆ. ಆಮೇಲೆ, ಬೆನ್ನನ್ನೂ ನೋಡಬಹುದಲ್ಲ ಎಂದು ಹೊಳೆದು ಎದ್ದು ಓಡುತ್ತಿದ್ದೆ.

ದೊಡ್ಡಪ್ಪ ಮಾತ್ರ ಆ ಮಾತಿಗೆ ನಕ್ಕವರಂತೆ. ಅವರು ಮಂಜಿಯ ತಂಡೇಲರು, ಎಂದರೆ ಹಂಚು, ಕೊಬ್ಬರಿ ತುಂಬಿಸಿಕೊಂಡು ಬಡಗಣ ಬಂದರುಗಳಿಗೆ ಹೋಗುವ ಹಾಯಿಹಡಗಿನ ಯಜಮಾನರು. ಕಡಲಿನವನ ಮನೆಗೆ ಕಡಲು ಕಾಣದಿದ್ದರೆ ಹೇಗೆ ಎಂದು ಪಡುವಣದ ಗೋಡೆಯಲ್ಲಿ ಒಂದು ಕಿಟಕಿ ಇಡಿಸಿದರು. ತಿಂಗಳುಗಟ್ಟಲೆ ಹೋಗಿ ಬಂದವರು ದಡದಿಂದ ನೇರ ಆ ಕಿಟಕಿಯ ಕೆಳಗೆ ಬಂದು ಕರೆಯುತ್ತಿದ್ದರು: "ಓ... ಇದ್ದೀಯಾ?" ದೊಡ್ಡಮ್ಮ ಕಿಟಕಿ ತೆರೆದು, ಮುಖ ನೋಡಿ, ಆಮೇಲೆ ಬಾಗಿಲಿಗೆ ನೀರಿನ ಚೆಂಬು ತರುತ್ತಿದ್ದಳು. ನಾನು ತೊಟ್ಟಿಲಲ್ಲಿದ್ದ ವರ್ಷ, ಮಳೆಗೆ ಮುಂಚಿನ ಕೊನೆಯ ಸವಾರಿಗೆ ಹೋದ ಮಂಜಿ ತಿರುಗಿ ಬರಲಿಲ್ಲ. ಹಲಗೆಯ ತುಂಡೂ ಬರಲಿಲ್ಲ.

ಕರೆ ಮಾತ್ರ ಬಂತು. ಒಂದು ಸಂಜೆ ಕಿಟಕಿಯ ಕೆಳಗೆ "ಓ... ಇದ್ದೀಯಾ?" ಎಂದು ಕೇಳಿ ದೊಡ್ಡಮ್ಮ ಓಡಿಹೋಗಿ ತೆರೆದಳಂತೆ. ಬರೀ ಮರಳು. ನಮ್ಮಲ್ಲಿ ಒಂದು ನಂಬಿಕೆ ಉಂಟು: ಸತ್ತವರ ಕುಲೆ, ಎಂದರೆ ಪ್ರೇತ, ಒಮ್ಮೆ ಮಾತ್ರ ಕರೆಯುತ್ತದೆ, ಎರಡನೆಯ ಸಲ ಕರೆಯಲು ಅದಕ್ಕೆ ಉಸಿರಿಲ್ಲ. ಬದುಕಿದವರಾದರೆ ಮತ್ತೆ ಮತ್ತೆ ಕರೆಯುತ್ತಾರೆ. ದೊಡ್ಡಮ್ಮ ಎರಡನೆಯ ಕರೆಗೆ ಕಾದಳು. ಅದು ಬರಲಿಲ್ಲ. ಬರಲಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಅವಳಿಗೂ ಬರಲಿಲ್ಲ. ಮೇಸ್ತ್ರಿಯನ್ನು ಕರೆಸಿ ಕಿಟಕಿಗೆ ಕಲ್ಲು ತುಂಬಿಸಿ ಸುಣ್ಣ ಬಳಿಸಿಬಿಟ್ಟಳು. ಕೇಳದಿದ್ದರೆ ಲೆಕ್ಕ ಹಾಕುವ ಗೋಜಿಲ್ಲವಲ್ಲ. ಕುಂಕುಮ, ಬಳೆ ಹಾಗೆಯೇ ಉಳಿದವು. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣಲಿ ಎಂದು ನಾವು ಹೊರಗೆ ಕೂರುವ ಕ್ರಮ ಉಂಟಲ್ಲ, ಆಗ ದೊಡ್ಡಪ್ಪನಿಗೆ ಮಾತ್ರ ಎಲೆ ಹಾಕಲು ಅವಳು ಬಿಡುತ್ತಿರಲಿಲ್ಲ. "ಎಲೆ ಹಾಕಿದರೆ ಸತ್ತ ಹಾಗೆ," ಎನ್ನುತ್ತಿದ್ದಳು. ಇವತ್ತಿಗೂ ದೊಡ್ಡಮ್ಮ ಯಾರ ಮೊದಲ ಕರೆಗೂ ಓಗೊಡುವವಳಲ್ಲ.

ಇಷ್ಟು ವರ್ಷಗಳ ಮೇಲೆ ಆ ಮನೆಯ ಒಂದು ತೊಲೆ ಬಿದ್ದು, ದೊಡ್ಡಮ್ಮ ನಮ್ಮ ಮನೆಗೆ ಬಂದು ಇದ್ದಳು. ಬೀಗದ ಕೈ ಅವಳ ಸೊಂಟದಲ್ಲಿ. ಅಮ್ಮ ಮತ್ತು ದೊಡ್ಡಮ್ಮನ ತಮ್ಮ ಸಂಕಪ್ಪ ಮಾವ ಮನೆತನದ ಯಜಮಾನರು. ಅವರು ಒಂದು ದಿನ ಊಟಕ್ಕೆ ಕೂತವರು ಹೇಳಿದರು, "ಎಂತ ಅಂದ್ರೆ ಅಕ್ಕಾ, ಜನ ಇಲ್ಲದ ಮನೆಗೆ ಗೆದ್ದಲು ಒಕ್ಕಲು ಬರ್ತದೆ. ರಿಪೇರಿ ಮಾಡಿಸಿ ಯಾರಿಗಾದರೂ ಬಾಡಿಗೆಗೆ ಕೊಡುವ." ಮಾವ ಇದನ್ನು ಹೇಳಿದ್ದು ತುಳುವಿನಲ್ಲಿ, ಮೂಗಿನಿಂದ. ಕನ್ನಡಕ್ಕೆ ತರುವಾಗ ಮಾತು ಬಂತು, ಮೂಗು ಅಲ್ಲೇ ಉಳಿಯಿತು. ನನ್ನನ್ನು ಎದುರು ಕಂಡರೆ ಮೂಗನ್ನೂ ತೋರಿಸಬಲ್ಲೆ.

ದೊಡ್ಡಮ್ಮ ಬೀಗದ ಕೈ ತೆಗೆದು ಮಾವನ ಎಲೆಯ ಪಕ್ಕ ಇಟ್ಟಳು. ಬಾಡಿಗೆಗೆ ಒಬ್ಬರು ರಾಯರು ಸಿಕ್ಕಿದರು. ಕೆಲಸದಿಂದ ನಿವೃತ್ತರು, ಹೆಂಡತಿಗೆ ಉಬ್ಬಸ, ಕಡಲ ಗಾಳಿ ಆಗಬೇಕು ಎಂದು ವೈದ್ಯರು ಹೇಳಿದ್ದಾರೆ. ಮನೆ ನೋಡಿದರು, ಮೆಚ್ಚಿದರು, ಪಡುವಣದ ಗೋಡೆಗೆ ಊರುಗೋಲಿನಿಂದ ಕುಟ್ಟಿದರು. "ಇಷ್ಟು ಚಂದದ ಗಾಳಿಗೆ ಗೋಡೆ ಹಾಕಿದ ಪುಣ್ಯಾತ್ಮ ಯಾರು? ಇಲ್ಲೊಂದು ಕಿಟಕಿ ಆದರೆ ಬರ್ತೇವೆ. ಇಲ್ಲದಿದ್ದರೆ ಇಲ್ಲ." ಆ ಕುಟ್ಟಿದ ಸದ್ದು ನನಗೆ ಸರಿಬರಲಿಲ್ಲ. ಬಾಗಿಲು ತಟ್ಟಿದ ಹಾಗಿತ್ತು.

ಪಗ್ಗು ತಿಂಗಳ ಬಿಸಿಲಿನಲ್ಲಿ ಕೆಲಸ ಸುರುವಾಯಿತು. ಐತ ಮೇಸ್ತ್ರಿ ತೊಲೆ ಬದಲಾಯಿಸಿದ, ಹಂಚು ಕೈಯಾಡಿಸಿದ, ಚಾವಡಿಗೆ ಸುಣ್ಣ ಹೊಡೆದ. ಅವನಿಗೆ ನಗುವನ್ನು ಒಳಗೆ ಎಳೆದುಕೊಳ್ಳುವ ಅಭ್ಯಾಸ, ಬಾವಿಯಿಂದ ನೀರು ಸೇದಿದ ಹಾಗೆ. ನಾನು ಏಣಿಯ ಬುಡದಲ್ಲಿ ನಿಂತು ಮಾವನ ಸ್ವರದಲ್ಲಿ "ಎಂತ ಅಂದ್ರೆ ಮೇಸ್ತ್ರಿ" ಎನ್ನುವುದು, ಅವನು ಬೀಡಿ ಬಿಸಾಡುವುದು, ಆಮೇಲೆ ನನ್ನನ್ನು ಕಂಡು ನಗು ಸೇದುವುದು. ಕೆಲಸ ಸಾಗುತ್ತಿತ್ತು. ಪಡುವಣದ ಗೋಡೆಯ ಸರದಿ ಬಂದ ದಿನ ಅವನು ಸುತ್ತಿಗೆಯನ್ನು ಕೆಳಗಿಟ್ಟ.

"ಇದು ನನ್ನಪ್ಪ ತುಂಬಿಸಿದ ಕಲ್ಲು ಧಣಿ," ಎಂದ ಮಾವನಿಗೆ. "ನಮ್ಮಲ್ಲಿ ಒಂದು ಕಟ್ಟಳೆ ಉಂಟು. ಮನೆಯ ಕಣ್ಣು ಯಾರು ಮುಚ್ಚಿಸಿದ್ದೋ ಅವರ ಕೈಯೇ ಮೊದಲ ಕಲ್ಲು ತೆಗೀಬೇಕು. ಆಮೇಲಿನದ್ದು ನಾನು ನೋಡಿಕೊಳ್ತೇನೆ."

"ನಿನಗೆ ಹೆದರಿಕೆಯಾ ಮಾರಾಯ?" ಎಂದೆ ನಾನು.

"ಹೌದು," ಎಂದ ಅವನು, ನಗದೆ. "ನಿಮಗೆ ಇಲ್ಲದಿದ್ದರೆ ಸುತ್ತಿಗೆ ಇಲ್ಲುಂಟು."

ನಾನು ಸುತ್ತಿಗೆಯ ಕಡೆ ನೋಡಿದೆ. ಒಳ್ಳೆಯ ಸುತ್ತಿಗೆ. ಹೊಗಳಿ ಸುಮ್ಮನಾದೆ.

ದೊಡ್ಡಮ್ಮ ಬಂದಳು. ಗೋಡೆಯ ಎದುರು ನಿಂತು, ಯಾರನ್ನೂ ನೋಡದೆ ಹೇಳಿದಳು, "ಕರೆ ಬರದೆ ಈ ಕಿಟಕಿಯನ್ನು ನಾನು ಯಾವತ್ತೂ ತೆರೆದದ್ದಿಲ್ಲ." ಮಾವ ಮೂಗು ಏರಿಸಿದರು, ಇಳಿಸಿದರು. ಅವಳು ನನ್ನ ಕಡೆ ತಿರುಗಿದಳು. "ನೀನು ಎಲ್ಲರ ಹಾಗೆ ಮಾತಾಡ್ತೀ. ಅವರ ಹಾಗೆ ಒಮ್ಮೆ ಕರಿ."

"ನಾನು ಅವರ ಸ್ವರ ಕೇಳಿದ್ದೇ ಇಲ್ಲ, ದೊಡ್ಡಮ್ಮ."

"ನಾನು ಕೇಳಿದ್ದೇನಲ್ಲ. ಹೇಳಿಕೊಡ್ತೇನೆ."

ನೀವು ನಗಬಹುದು. ಅಣಕಿಸುವವನಿಗೆ ಒಂದು ಮುಖ ಬೇಕು, ಹುಬ್ಬು ಬೇಕು, ತುಟಿಯ ಒಂದು ಕೊಂಕು ಬೇಕು. ನನಗೆ ಸಿಕ್ಕಿದ್ದು ಖಾಲಿ ಗೋಡೆ. ಕರೆದೆ. "ಅಷ್ಟು ದಪ್ಪ ಅಲ್ಲ," ಎಂದಳು. ಮತ್ತೆ ಕರೆದೆ. "ಅಡಿಯಿಂದ ಬರಬೇಕು. ಗಾಳಿಗೆ ಎದುರಾಗಿ ಕೂಗಿ ಕೂಗಿ ಒರಟಾದ ಸ್ವರ ಅದು." ಮತ್ತೆ. "ಓ ಉದ್ದ. ಇದ್ದೀಯಾ ಎನ್ನುವಾಗ ಸಣ್ಣ ನಗು. ಇದ್ದಾಳೆ ಎಂದು ಗೊತ್ತಿದ್ದೂ ಕೇಳುವವರ ಹಾಗೆ." ನನ್ನ ಗಂಟಲು ಯಾವುದೋ ಕತ್ತಲೆ ಕೋಣೆಯಲ್ಲಿ ತಡಕಾಡುತ್ತಿತ್ತು. ಒಂದು ಸಲ ಕರೆದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತಿದ್ದುತ್ತಿದ್ದಷ್ಟು ಹೊತ್ತು ನನಗೆ ಹೆದರಿಕೆ ಇರಲಿಲ್ಲ. ತಿದ್ದುವುದು ನಿಂತದ್ದೇ ಹೆದರಿಕೆ ಬಂತು. ಯಾರದ್ದು ಅದು, ನನ್ನ ಬಾಯಿಯಿಂದ ಬಂದದ್ದು?

"ಹೊರಗೆ ಹೋಗು," ಎಂದಳು. "ಗೋಡೆಯ ಕೆಳಗೆ ನಿಂತು ಮೂರು ಸಲ ಕರಿ. ಒಮ್ಮೆ ಕರೆದು ನಿಲ್ಲಿಸಬೇಡ, ಮಗಾ."

ಅವಳಿಗೆ ಬೇಕಾದದ್ದು ಏನೆಂದು ಆಗ ನನಗೆ ತಿಳಿಯಿತು. ಇಷ್ಟು ವರ್ಷ ಬಾರದ ಎರಡನೆಯ ಕರೆ. ಸುಳ್ಳಾದರೂ ಸರಿ, ಅದನ್ನೊಮ್ಮೆ ಕಿವಿಯಲ್ಲಿ ಕೇಳಿ ಕಿಟಕಿ ತೆರೆಯಬೇಕು.

ನಡುಮಧ್ಯಾಹ್ನ. ಆ ಹೊತ್ತಿನಲ್ಲಿ ಕಡಲ ಬದಿ ಒಬ್ಬನೇ ನಿಲ್ಲಬಾರದು ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳುತ್ತಾರೆ. ನನ್ನ ನೆರಳು ಸಹ ಕಾಲಿನ ಅಡಿಗೆ ಹೋಗಿ ಅಡಗಿತ್ತು. ಎದುರಿಗೆ ಬಿಳಿ ಗೋಡೆ, ಹಿಂದೆ ಕಡಲು. ಬೇರೆ ದಿನ ಸದ್ದು ಮಾಡುವ ಕಡಲು ಅವತ್ತು ಕಿವಿಗೊಟ್ಟು ಕೂತ ಹಾಗೆ ಸುಮ್ಮನಿತ್ತು. ತಿರುಗಿ ನೋಡಬಾರದು ಎಂದುಕೊಂಡೆ. ತಿರುಗಿದರೆ ಒದ್ದೆ ಬಟ್ಟೆಯ ಒಬ್ಬರು ನಿಂತು, "ನನ್ನ ಸ್ವರ ನನಗೆ ಕೊಡು" ಎಂದು ಕೈ ನೀಡಿದರೆ?

ಕರೆದೆ. "ಓ... ಇದ್ದೀಯಾ?"

ಗೋಡೆ ಅದನ್ನು ನುಂಗಿತು. ಒಳಗೆ ಸದ್ದಿಲ್ಲ. ಕಾಗೆ ಇಲ್ಲ, ಗಾಳಿ ಇಲ್ಲ. ಆ ಮೌನದಲ್ಲಿ ನನಗೆ ಅನಿಸಿದ್ದು ಇಷ್ಟೇ: ಸತ್ತವರಿಗೆ ಹೀಗೆಯೇ ಇರಬೇಕು. ಕರೆದದ್ದು ಕೇಳಿತೋ ಇಲ್ಲವೋ ಗೊತ್ತಾಗದೆ, ಗೋಡೆಯ ಹೊರಗೆ. ಎರಡನೆಯ ಕರೆಗೆ ಉಸಿರು ಎಳೆದುಕೊಂಡೆ.

"ಬೇಡ," ಎಂದಳು ದೊಡ್ಡಮ್ಮ ಒಳಗಿನಿಂದ. ಗೋಡೆಯ ಆಚೆ, ನನ್ನ ಎದೆಯ ನೇರಕ್ಕೆ, ಬಹಳ ಹತ್ತಿರ. "ಸಾಕು ಮಗಾ. ಅವರು ಒಮ್ಮೆಯೇ ಕರೆದದ್ದು."

ಆಮೇಲೆ ಕಲ್ಲು ಕೆರೆಯುವ ಸದ್ದು. ಮೇಸ್ತ್ರಿ ಅರೆ ಸಡಿಲಿಸಿ ಇಟ್ಟಿದ್ದನೋ ಏನೋ, ಒಂದು ಕಲ್ಲು ಒಳಕ್ಕೆ ಜಾರಿತು. ಆ ತೂತಿನಲ್ಲಿ ದೊಡ್ಡಮ್ಮನ ಒಂದು ಕಣ್ಣು ಕಂಡಿತು. ನನ್ನನ್ನು ನೋಡಿತು, ಆಮೇಲೆ ನನ್ನ ಹೆಗಲ ಮೇಲಿನಿಂದ ಆಚೆ ನೋಡಿತು. ತುಂಬ ಹೊತ್ತು. ನಾನು ತಿರುಗಲಿಲ್ಲ. ಈ ಹೊತ್ತಿಗೂ ನನಗೆ ಗೊತ್ತಿಲ್ಲ, ಅವಳು ನೋಡಿದ್ದು ಕಡಲನ್ನೇ ಇರಬೇಕು.

ಮಳೆಗೆ ಮುಂಚೆ ರಾಯರು ಬಂದರು. ಅವರ ಹೆಂಡತಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಸಲೀಸಾಗಿ ಉಸಿರಾಡುತ್ತಾರೆ. ಆ ವರ್ಷ ಆಟಿಯಲ್ಲಿ ದೊಡ್ಡಮ್ಮ ಬಾಳೆಲೆ ಕೊಯ್ಯುವಾಗ ಒಂದು ಎಲೆ ಹೆಚ್ಚು ಕೊಯ್ದಳು. ಆ ಎಲೆಗೆ ಬಂಗುಡೆ ಗಸಿ ತಾನೇ ಬಡಿಸಿ, ಬಾಗಿಲು ಮುಚ್ಚಿ, ಜಗಲಿಗೆ ಬಂದು, ಬಳೆಗಳನ್ನು ಒಂದೊಂದಾಗಿ ಕಳಚಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಮಾವ ಅವತ್ತು ಮೂಗಿನಿಂದಲೂ ಮಾತಾಡಲಿಲ್ಲ.

ಅಂದಿನಿಂದ ಸುಣ್ಣದ ವಾಸನೆ ಎಂದರೆ ನನಗೆ ಆ ಬಿಳಿ ಗೋಡೆ. ಕರೆಯದೆ ಉಳಿದ ಎರಡನೆಯ ಕರೆ ಗಂಟಲಲ್ಲಿ ಹಾಗೆಯೇ ಉಂಟು. ಉಳಿದ ಒಕ್ಕಲುಗಳೆಲ್ಲ ಬೇಕೆಂದಾಗ ಬಂದು ಹೋಗುತ್ತವೆ. ಇದು ಹೊರಡುವುದೂ ಇಲ್ಲ, ಬಾಡಿಗೆಯನ್ನೂ ಕೊಡುವುದಿಲ್ಲ.

ಇವತ್ತು ಅಂಗಡಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿಕಳುಹಿಸಿ, ಜ್ವರದ ಸ್ವರವನ್ನು ಹೇಗೂ ಬಲ್ಲೆನಲ್ಲ, ರೈಲು ಹತ್ತಿ ಊರಿಗೆ ಬಂದೆ. ನಮ್ಮ ಮನೆಯ ಅಂಗಳದಲ್ಲಿ ನಿಂತು ಯಾರಾಗಿ ಕರೆಯಲಿ ಎಂದು ಹುಡುಕಿದೆ. ಸ್ಟೇಷನ್ ಮಾಸ್ಟರರು, ಮೀನಿನವಳು, ಮಾವ, ಎಲ್ಲರೂ ತಯಾರಿದ್ದರು. ಎಲ್ಲರನ್ನೂ ಬದಿಗಿಟ್ಟು ಕರೆದೆ.

"ದೊಡ್ಡಮ್ಮಾ."

ರಾಟೆ ಕಿರುಗುಟ್ಟಿದ ಹಾಗೆ ಬಂತು. ಒಳಗಿನಿಂದ ಸದ್ದಿಲ್ಲ. ಮೊದಲ ಕರೆಗೆ ಅವಳು ಓಗೊಡುವುದಿಲ್ಲ, ಗೊತ್ತುಂಟು. ಆದರೂ ಆ ನಡುವಿನ ಮೌನ ಉಂಟಲ್ಲ, ಅದರಲ್ಲಿ ನಾನು ಪ್ರತಿಸಲವೂ ಆ ಗೋಡೆಯ ಹೊರಗೆ ನಿಂತಿರುತ್ತೇನೆ. ನಾನು ಇದ್ದೇನೆಯೋ ಇಲ್ಲವೋ, ಅದನ್ನು ಎರಡನೆಯ ಕರೆಯೇ ಹೇಳಬೇಕು.

"ದೊಡ್ಡಮ್ಮಾ."

"ಹಾಂ, ಬಂದೆಯಾ," ಎಂದಳು ಒಳಗಿನಿಂದ. ಚೆಂಬಿಗೆ ನೀರು ಬಗ್ಗಿಸುವ ಸದ್ದು ಕೇಳಿತು. "ಇದು ಯಾರ ಸ್ವರ ಮಾರಾಯ? ಮೊದಲು ಕೇಳಿದ ಹಾಗಿಲ್ಲ."