ಬಾಟಲಿ ಬೇಯಿಸುವ ಯಂತ್ರ

"ಮಗು ಹುಟ್ಟುವ ಮೊದಲು ಏನೂ ತರಬೇಡಿ ಮಾರಾಯ್ರೆ, ಒಳ್ಳೆದಲ್ಲ" ಅಂತ ಹೇಳಿ ಹೆಂಡತಿ ಆಪರೇಷನ್‌ಗೆ ಹೋದಳು. ಮಗು ಬಂತು, ಅವಳು ಬರಲಿಲ್ಲ. ಅವಳ ಮಾತಿನಂತೆ ಮನೆಯಲ್ಲಿ ಏನೂ ಇರಲಿಲ್ಲ.

ಅವಳ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಮಗುವನ್ನು ಅಕ್ಕನ ಹತ್ತಿರ ಬಿಟ್ಟು, ಠಾಣೆ ಪಟ್ಟಣದ ದೊಡ್ಡ ಮಕ್ಕಳ ಸಾಮಾನಿನ ಅಂಗಡಿಗೆ ಹೋಗಿ ಹಾಲಿನ ಬಾಟಲಿ ಕೇಳಿದೆ. ಅಲ್ಲಿಯ ಹುಡುಗಿ ಒಂದು ಯಂತ್ರ ತೋರಿಸಿದಳು.

"ಅಂಕಲ್, ಮಗು ಬೇರೆ ರೂಮಿನಲ್ಲಿ ಅತ್ತರೆ ಇದರಲ್ಲಿ ಕೇಳುತ್ತದೆ."

"ನಮ್ಮದು ಒಂದೇ ರೂಮಮ್ಮ."

"ಹಾಗಾದರೆ ಇದು ತಗೊಳ್ಳಿ. ಬಾಟಲಿಯನ್ನು ಹಬೆಯಲ್ಲಿ ಬೇಯಿಸುತ್ತದೆ. ಬೇಯಿಸದೆ ಕೊಟ್ಟರೆ ಮಗುವಿಗೆ ಭೇದಿ. ಮೇಡಂನ ಕರಕೊಂಡು ಬನ್ನಿ, ನಿಮಗೆ ಇದೆಲ್ಲ ತಿಳಿಯುವುದಿಲ್ಲ."

"ಅವಳಿಗೆ ಬರಲಿಕ್ಕೆ ಆಗುವುದಿಲ್ಲ" ಅಂದೆ. ಬಾಟಲಿ ಮಾತ್ರ ತಂದೆ.

ಐರೋಲಿಯ ಹೋಟೆಲಿನಲ್ಲಿ ಇಡ್ಲಿ ಬೇಯಿಸುವುದೇ ನನ್ನ ಕೆಲಸ. ಮರುದಿನ ಬೆಳಿಗ್ಗೆ ಗಿರಾಕಿಗಳನ್ನು ಕಾಯಿಸಿ, ಮೊದಲು ಮಗಳ ಬಾಟಲಿ ಬೇಯಿಸಿದೆ.