ಒಂದು ಕಾಲಿನ ಚಪ್ಪಲಿ

ಹಾಸಿಗೆ ಮೇಸ್ತ್ರಿಗೆ ನಾಯಿ ಇಷ್ಟ, ಅವರ ಹೆಂಡತಿಗೆ ಬೆಕ್ಕು. ಮದುವೆಯಾದಾಗಿನಿಂದ ಗಂಡಹೆಂಡಿರಿಗೆ ಸರಿಬರದೇ ಇದ್ದದ್ದು ಇದೊಂದೇ. ಮಿಕ್ಕದ್ದರಲ್ಲೆಲ್ಲ ಒಂದೇ ಮಾತು. ಅವರು ಹತ್ತಿ ಹಿಂಜಿದರೆ ಅವಳು ಗವಸು ಹೊಲಿಯುವಳು, ಅವರು ತುಂಬಿದರೆ ಅವಳು ದಾರ ಹುರಿಮಾಡಿ ಕೊಡುವಳು. ಹೆಗಲ ಮೇಲೆ ಸದಾ ನೂಲಿನ ಲಡಿ ಇರುತ್ತಿದ್ದುದರಿಂದ ಓಣಿಯವರು ಅವಳನ್ನು ದಾರದಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರನ್ನು ಅವಳೇ ಮರೆತಹಾಗಿತ್ತು.

ನಾಯಿ ಒಂದು ದಿನ ಹತ್ತಿಮೂಟೆಯ ಗಾಡಿಯ ಹಿಂದೆ ಬಂತು. ಗಾಡಿ ಹೋಯಿತು, ನಾಯಿ ಉಳಿಯಿತು. ಅಂಗಡಿಗೆ ಬಂದವರನ್ನೆಲ್ಲ ಮೂಸಿ, ಅವರ ಕೈಚೀಲದೊಳಗೂ ಮೂತಿ ಹಾಕಿ ತಪಾಸಣೆ ಮಾಡಿಯೇ ಬಿಡುತ್ತಿದ್ದುದರಿಂದ ಮೇಸ್ತ್ರಿ ಅದಕ್ಕೆ ಹವಾಲ್ದಾರ ಎಂದು ಹೆಸರಿಟ್ಟರು. ಆದರೆ ಎಂಥ ಹವಾಲ್ದಾರ! ಯಾರಾದರೂ ಕೊಡೆ ಬಿಚ್ಚಿದರೆ ಸಾಕು, ಬಾಲ ಮಡಚಿಕೊಂಡು ಮಂಚದಡಿ ಸೇರುವುದು. ಮೇಸ್ತ್ರಿ ಹತ್ತಿ ಹಿಂಜುವಾಗ ಬಿಲ್ಲಿನ ತಂತಿ ಟಣ್ಣೆಂದರೆ ಮೂತಿ ಮೇಲೆತ್ತಿ ತಾನೂ ರಾಗ ಎಳೆಯುವುದು. ತಂತಿ ನಿಂತರೆ ಅದರ ಹಾಡೂ ನಿಲ್ಲುವುದು. ದಾರಿಹೋಕರು ನಿಂತು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬೆಕ್ಕಿನ ಹೆಸರು ದೊರೆಸಾನಿ. ಅದಕ್ಕೆ ಯಾರ ಹಂಗೂ ಇಲ್ಲ. ಹೊಸದಾಗಿ ಹೊಲಿದ ಹಾಸಿಗೆಯ ಮೇಲೆ ಮೊದಲು ತಾನು ಮಲಗಬೇಕು, ಆಮೇಲೆ ಬೇಕಾದರೆ ಕೊಂಡವರು ಮಲಗಲಿ. ಮಲಗುವ ಮುಂಚೆ ಹಾಸಿಗೆಯ ಉದ್ದಗಲ ನಡೆದು, ಮುಂಗಾಲಲ್ಲಿ ಒತ್ತಿ ಒತ್ತಿ ನೋಡುವುದು. ಎಲ್ಲಿ ಹತ್ತಿ ಗಂಟುಗಟ್ಟಿದೆಯೋ ಅಲ್ಲಿಂದ ಎದ್ದು ಆಚೆ ಹೋಗುವುದು. ಮೇಸ್ತ್ರಿ ಬಾಯಲ್ಲಿ ಬೈಯುತ್ತಲೇ ಆ ಜಾಗವನ್ನು ಬಿಚ್ಚಿ, ಗಂಟು ಬಿಡಿಸಿ, ಮತ್ತೆ ಹೊಲಿಯುತ್ತಿದ್ದರು.

"ನಿನ್ನ ಬೆಕ್ಕು ನಮ್ಮನೇಲಿ ಬಾಡಿಗೆಗೆ ಇದ್ದ ಹಾಗಿದೆ ಕಣೇ. ಬಾಡಿಗೇನೂ ಕೊಡಲ್ಲ, ಮೇಲಿಂದ ದಬ್ಬಾಳಿಕೆ."

"ನಿಮ್ಮ ಹವಾಲ್ದಾರ ಏನು ಕಡಿದು ಕಟ್ಟೆ ಹಾಕಿದ್ದಾನೆ? ನಮ್ಮ ದೊರೆಸಾನಿ ಕೆಲಸ ನೋಡ್ತಾಳೆ. ಅವನು ಕೂತು ಹಾಡು ಹೇಳ್ತಾನೆ."

"ಅವನು ನನ್ನ ಜೊತೆಗಿರ್ತಾನೆ. ಅದೇ ಅವನ ಕೆಲಸ."

ಈ ಜಗಳ ದಿನಾ ಇದ್ದದ್ದೇ. ಇಬ್ಬರಿಗೂ ಅದರಲ್ಲೊಂದು ರುಚಿ.

ಮೇಸ್ತ್ರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಕೆಲಸ ಕಲಿಯುವ ಕಾಲದಲ್ಲಿ, ಹತ್ತಿಯಲ್ಲಿ ಅಡಗಿದ್ದ ಮುರಿದ ದಬ್ಬಣವೊಂದು ಅವರ ಅಂಗಾಲಿಗೆ ನೆಟ್ಟು ಆರು ತಿಂಗಳು ಕೀವಾಡಿತ್ತು. ಅಂದಿನಿಂದ ಅವರು ಚಪ್ಪಲಿಯಿಲ್ಲದೆ ಎಲ್ಲಿಯೂ ನೆಲಕ್ಕೆ ಕಾಲಿಟ್ಟವರಲ್ಲ. ಮನೆಯೊಳಗೂ ಅಷ್ಟೆ. ಬೆಳಗ್ಗೆ ಎದ್ದು ಮಂಚದಿಂದ ಕಾಲು ಇಳಿಬಿಟ್ಟರೆ ಮೊದಲು ಪಾದಗಳು ಚಪ್ಪಲಿ ತಡಕುವವು. ಎರಡೂ ಸಿಕ್ಕಿದ ಮೇಲೆಯೇ ಎದ್ದು ನಿಲ್ಲುವುದು. ಒಂದೇ ಸಿಕ್ಕರೆ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ದಾರದಕ್ಕ ಹುಡುಕಿ ತಂದುಕೊಡುವ ತನಕ ಕೂತಲ್ಲೇ ಕೂತಿರುವರು.

ಮರೆವು ಕಳ್ಳನ ಹಾಗೆ ಬಂತು. ಮೊದಮೊದಲು ಹೊಲಿದ ಜಾಗದಲ್ಲೇ ಮತ್ತೆ ಹೊಲಿಯುತ್ತಿದ್ದರು. ಒಂದು ಸಲ ಗಿರಾಕಿಯೊಬ್ಬ ಹಾಸಿಗೆಯನ್ನು ಹೊತ್ತು ತಂದು ಅಂಗಡಿಯ ಮುಂದೆ ಎಸೆದ. ಒಳಗೆ ಏನೋ ಚುಚ್ಚುತ್ತದೆ ಎಂದ. ಬಿಚ್ಚಿ ನೋಡಿದರೆ ಹತ್ತಿಯ ನಡುವೆ ಮೇಸ್ತ್ರಿಯ ದೊಡ್ಡ ಕತ್ತರಿ. ಬಾಯಿ ತೆರೆದುಕೊಂಡೇ ಇತ್ತು. ಅದರ ಮೇಲೆ ಆ ಮನೆಯ ಎಳೆಗೂಸು ಮಲಗಿತ್ತಂತೆ. ದೇವರು ದೊಡ್ಡವನು, ಏನೂ ಆಗಿರಲಿಲ್ಲ. ಆ ಹಾಸಿಗೆಯನ್ನು ದೊರೆಸಾನಿ ಒತ್ತಿ ನೋಡಿ, ಮಲಗದೆ ಇಳಿದುಹೋದದ್ದು ದಾರದಕ್ಕನಿಗೆ ಆಗ ನೆನಪಾಯಿತು. ಅದನ್ನು ಕಂಡು ಬಿಚ್ಚಿ ಸರಿಮಾಡಬೇಕಾದವರು ಆ ದಿನ ಗೋಡೆ ನೋಡುತ್ತಾ ಕೂತಿದ್ದರು.

ಅಂಗಡಿ ಮುಚ್ಚಿತು. ಬಿಲ್ಲನ್ನು ಮನೆಯ ಗೋಡೆಗೆ ತೂಗುಹಾಕಿದರು.

ಮುಚ್ಚಿದ್ದು ಎಲ್ಲರಿಗೂ ಗೊತ್ತು, ಮೇಸ್ತ್ರಿಗೆ ಮಾತ್ರ ಗೊತ್ತಿಲ್ಲ. ಬೆಳಗಾದರೆ "ಅಂಗಡಿ ಬಾಗಿಲು ತೆಗೀಬೇಕು" ಎಂದು ಏಳುವರು. ಒಂದು ಬೆಳಿಗ್ಗೆ ಹಾಗೆಯೇ ಹೊರಟುಹೋದರು. ಅವರ ಮಗಳು ಬಸ್ಸಿನಲ್ಲಿ ಕಂಡಕ್ಟರು. ಅವಳಿದ್ದ ಬಸ್ಸೇ ಕಿರ್ರೆಂದು ನಿಂತಿತು. ಯಾವನೋ ಮುದುಕ ರಸ್ತೆ ಮಧ್ಯೆ ನಿಂತಿದ್ದಾನೆ ಎಂದು ಡ್ರೈವರು ಬೈಯುತ್ತಿದ್ದ. ಇವಳು ಬಗ್ಗಿ ನೋಡಿದರೆ ಅಪ್ಪ. ಪಕ್ಕದಲ್ಲಿ ಹವಾಲ್ದಾರ, ಬಸ್ಸಿಗೇ ಬೊಗಳುತ್ತಾ ನಿಂತಿತ್ತು.

ಸಂಜೆ ಮಗಳು ಬಂದವಳು ಟಿಕೆಟ್ಟಿನ ಚೀಲವನ್ನೂ ಕೆಳಗಿಡಲಿಲ್ಲ.

"ಅಮ್ಮಾ, ಇನ್ನೊಂದು ಸಲ ಹೀಗಾದರೆ ಅಪ್ಪನ್ನ ವೃದ್ಧಾಶ್ರಮಕ್ಕೆ ಸೇರಿಸ್ತೀನಿ. ನೀನು ಅತ್ತರೂ ಅಷ್ಟೆ, ಕರೆದರೂ ಅಷ್ಟೆ."

"ನಾನಿರೋವಾಗ ಆಶ್ರಮ ಯಾಕೇ? ನಾನೇನು ಸತ್ತಿದ್ದೀನಾ?"

"ನೀನು ನೀರು ಹಿಡಿಯೋಕೆ ಹೋದಾಗ? ಸಾಮಾನು ತರೋಕೆ ಹೋದಾಗ? ನನ್ನ ಬಸ್ಸಿನ ಚಕ್ರಕ್ಕೇ ನಮ್ಮಪ್ಪ ಸಿಗಬೇಕಾ ಹೇಳು."

ದಾರದಕ್ಕ ಬಾಗಿಲಿಗೆ ಬೀಗ ಹಾಕಿಯೂ ನೋಡಿದ್ದಳು. ಆ ದಿನ ಅವರು ಬಾಗಿಲಿಗೆ ಹಣೆ ಚಚ್ಚಿಕೊಂಡು ರಕ್ತ ಸುರಿಸಿದ್ದರು. ಗಂಡನನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು, ತನ್ನ ಕಣ್ಣೆದುರೇ ಇರಬೇಕು. ಅವಳಿಗೆ ಬದುಕಿನಲ್ಲಿ ಬೇರೆ ಆಸೆ ಉಳಿದಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅವಳ ಅದೃಷ್ಟವೋ ಏನೋ, ಆಮೇಲೆ ಬಹಳ ದಿನ ಮೇಸ್ತ್ರಿ ಹೊಸ್ತಿಲು ದಾಟಲಿಲ್ಲ.

ಅದೇ ಹೊತ್ತಿಗೆ ಹವಾಲ್ದಾರನಿಗೆ ಹೊಸ ಚಾಳಿ ಅಂಟಿಕೊಂಡಿತು. ಮೇಸ್ತ್ರಿಯ ಚಪ್ಪಲಿ ಕದಿಯುವುದು. ಎರಡನ್ನೂ ಅಲ್ಲ, ಒಂದನ್ನು ಮಾತ್ರ. ಒಂದು ದಿನ ನೀರಿನ ಡ್ರಮ್ಮಿನ ಹಿಂದೆ, ಒಂದು ದಿನ ಒಗೆಯುವ ಬಟ್ಟೆಯ ಒಳಗೆ, ಇನ್ನೊಂದು ದಿನ ಒಲೆಯ ಬುಡದಲ್ಲಿ. ದಾರದಕ್ಕ ಸೊಂಟ ಬಗ್ಗಿಸಿ ಮೂಲೆ ಮೂಲೆ ಹುಡುಕಿ ತರುವಷ್ಟರಲ್ಲಿ ಮೇಸ್ತ್ರಿಗೆ ಅಂಗಡಿಯ ನೆನಪೇ ಜಾರಿಹೋಗಿರುತ್ತಿತ್ತು. ಮಂಚದ ಅಂಚಿನಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದು ಕಾಲು ಮೇಲೆತ್ತಿಕೊಂಡು, ದೊರೆಸಾನಿಯ ಬೆನ್ನು ಸವರುತ್ತಾ ಕೂತಿರುವರು.

"ಯಾರೇ ಇದು, ಇಷ್ಟು ಮೆತ್ತಗಿದ್ದಾಳೆ?" ಎಂದು ಕೇಳುವರು.

"ನಿಮ್ಮ ಬಾಡಿಗೆಯವಳು."

"ಬಾಡಿಗೆ ಕೊಟ್ಟಳಾ?"

ದಾರದಕ್ಕ ನಗುವಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು.

ಹೀಗಿರುವಾಗ ಮಗಳು ಅಪ್ಪನಿಗೆ ಹೊಸ ಚಪ್ಪಲಿ ತಂದಳು. ಒಳ್ಳೆಯ ತೊಗಲಿನದು, ಮೆತ್ತನೆಯ ಅಟ್ಟೆ. ಮರುದಿನವೇ ಹವಾಲ್ದಾರ ಒಂದನ್ನು ಹಿತ್ತಲಿಗೆ ಎಳೆದುಕೊಂಡುಹೋಗಿ ಪಟ್ಟಿಯ ಮೇಲೆ ಹಲ್ಲಿನ ಗುರುತು ಮೂಡಿಸಿತು. ಮಗಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೆಳಗ್ಗೆ ನಾಲ್ಕಕ್ಕೆದ್ದು ಹಗಲೆಲ್ಲ ನಿಂತು ದುಡಿದು ಬರುವವಳು.

"ನಾನು ಬಸ್ಸಿನಲ್ಲಿ ಕಂಡಕಂಡವರ ಹತ್ತಿರ ಬೈಸಿಕೊಂಡು ತರೋದು ನಾಯಿ ಬಾಯಿಗೆ ಹಾಕೋಕಾ? ನಿನಗೆ ಅದನ್ನ ತಿದ್ದೋಕಾಗಲ್ವಾ ಅಮ್ಮಾ? ಅಪ್ಪ ನೋಡಿದರೆ ಹಾಗೆ, ನಾಯಿ ನೋಡಿದರೆ ಹೀಗೆ."

ದಾರದಕ್ಕ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಒಣಮೆಣಸಿನಕಾಯಿಯನ್ನು ನುಣ್ಣಗೆ ಅರೆದು ಚಪ್ಪಲಿಯ ಪಟ್ಟಿಯ ಹೊರಮೈಗೆ ತೆಳ್ಳಗೆ ಬಳಿದಳು, ಗಂಡನ ಕಾಲಿಗೆ ತಾಗದ ಹಾಗೆ. ಹವಾಲ್ದಾರ ಬಂತು, ಕಚ್ಚಿತು, ಚಪ್ಪಲಿ ಬಿಟ್ಟು ಮೂತಿಯನ್ನು ನೆಲಕ್ಕೆ ಉಜ್ಜಿತು. ಸೀನಿ ಸೀನಿ ಕಣ್ಣಲ್ಲಿ ನೀರು ಸುರಿಯಿತು. ಮಾರನೆಯ ದಿನವೂ ಬಂತು. ಅದರ ಮಾರನೆಯ ದಿನವೂ ಬಂತು. ಅಷ್ಟು ಉರಿಯಲ್ಲೂ ಮತ್ತೆ ಮತ್ತೆ ಬಂದ ನಾಯಿಯನ್ನು ನೋಡಿ ಅವಳಿಗೆ ಆಶ್ಚರ್ಯವೇ ಆಯಿತು. ಎಂಥ ಹಟಮಾರಿ ಎಂದುಕೊಂಡು ಇನ್ನಷ್ಟು ಬಳಿದಳು. ವಾರ ಕಳೆಯುವಷ್ಟರಲ್ಲಿ ನಾಯಿ ಚಪ್ಪಲಿ ಕಂಡರೆ ಮುಖ ತಿರುಗಿಸಿಕೊಂಡು ಹೋಗಿ ಗೋಡೆಯ ಬದಿಗೆ ಮಲಗತೊಡಗಿತು.

"ಈಗ ಬುದ್ಧಿ ಬಂತಲ್ಲ" ಎಂದಳು ಮಗಳು.

ಆಮೇಲೆ ಒಂದು ಮಧ್ಯಾಹ್ನ ದಾರದಕ್ಕ ನೀರಿಗೆ ಹೋಗಿದ್ದಳು. ಬಂದು ನೋಡಿದರೆ ಮಂಚದ ಮೇಲೆ ದೊರೆಸಾನಿ ಒಬ್ಬಳೇ. ಮಂಚದಡಿ ಬಗ್ಗಿ ನೋಡಿದಳು. ಚಪ್ಪಲಿ ಎರಡೂ ಇರಲಿಲ್ಲ. ಹವಾಲ್ದಾರನೂ ಇರಲಿಲ್ಲ.

ಮೇಸ್ತ್ರಿ ಹಳೆಯ ಅಂಗಡಿಯ ಬೀದಿಗೇ ಹೋಗಿದ್ದರು. ಆ ಅಂಗಡಿಯಲ್ಲಿ ಈಗ ಯಾರೋ ಮೊಬೈಲು ರಿಪೇರಿ ಮಾಡುತ್ತಾರೆ. ಅದನ್ನು ದಾಟಿ ಮುಂದೆ ಹೋಗಿ, ಗಾಜಿನ ಬಾಗಿಲಿನ ಒಂದು ದೊಡ್ಡ ಅಂಗಡಿ ಹೊಕ್ಕಿದ್ದಾರೆ. ಒಳಗೆ ಸಾಲು ಸಾಲು ಸ್ಪಂಜಿನ ಹಾಸಿಗೆ. ಒಂದೊಂದನ್ನೇ ಅಂಗೈಯಲ್ಲಿ ಒತ್ತುತ್ತಾ, "ಇದರೊಳಗೆ ಕತ್ತರಿ ಇದೆ, ಬಿಚ್ಚಿ. ಮಗು ಮಲಗುತ್ತೆ, ಬಿಚ್ಚಿ" ಎಂದು ಕೂಗಿದರಂತೆ. ಕೊಳ್ಳಲು ಬಂದವರು ಹೆದರಿ ಹೊರಗೆ ಬಂದರು. ಕಾವಲಿನವನು ರಟ್ಟೆ ಹಿಡಿದು ಆಚೆಗೆ ತಂದ. ತಳ್ಳಿದನೋ, ಇವರೇ ಕೊಸರಿಕೊಂಡರೋ ಗೊತ್ತಿಲ್ಲ. ಮೆಟ್ಟಿಲ ಮೇಲೆ ಬಿದ್ದರು. ದಾರದಕ್ಕ ಓಡಿಬಂದಾಗ ಹವಾಲ್ದಾರ ಅವರ ತೊಡೆಗೆ ಆತುಕೊಂಡು ಕೂತು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅವಳನ್ನು ಕಂಡು ದಾರಿಬಿಟ್ಟಿತು.

ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿಗೆ ಇನ್ನು ನಡೆಯುವುದು ಕಷ್ಟ ಎಂದರು ಡಾಕ್ಟರು. ಆಸ್ಪತ್ರೆಯಿಂದ ಮೇಸ್ತ್ರಿಯನ್ನು ನೇರ ಆಶ್ರಮಕ್ಕೇ ಸಾಗಿಸಿದರು. ಮಗಳು ಗದರಲಿಲ್ಲ, ಕೂಗಾಡಲಿಲ್ಲ. ಬಸ್ಸಿನ ಸಮವಸ್ತ್ರದಲ್ಲೇ ಬಂದು ಅಪ್ಪನ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ಅದರಿಂದಲೇ ದಾರದಕ್ಕನಿಗೆ ಹೆಚ್ಚು ನೋವಾಯಿತು.

ಆಶ್ರಮದ ಕೋಣೆ ಚೊಕ್ಕಟವಾಗಿತ್ತು. ಸುಣ್ಣದ ಗೋಡೆ, ಕಬ್ಬಿಣದ ಮಂಚ, ರೆಕ್ಸಿನ್ ಹೊದಿಸಿದ ಹಾಸಿಗೆ. ದಾರದಕ್ಕ ಹೋದಾಗಲೆಲ್ಲ ಮೊದಲು ಆ ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿ ನೋಡುವಳು. ಒಂದು ದಿನ ಅಲ್ಲಿಯ ಆಯಾಳ ಹತ್ತಿರ ವಿಚಾರಿಸಿದಳು.

"ನಿಮಗೆ ತುಂಬಾ ತೊಂದರೆ ಕೊಡ್ತಾರೇನಮ್ಮಾ?"

"ಅಯ್ಯೋ ಇಲ್ಲಕ್ಕಾ, ಮಗು ಇದ್ದ ಹಾಗೆ. ಮೊದಲೆರಡು ದಿನ ಎದ್ದುಬಿಡ್ತೀನಿ ಅಂತ ಹಟ. ಆ ಸೊಂಟ ಇಟ್ಟುಕೊಂಡು ಎದ್ದರೆ ಏನು ಗತಿ? ಆಮೇಲೆ ಗೊತ್ತಾಯ್ತು. ಕಾಲಿಗೆ ಚಪ್ಪಲಿ ಸಿಗದಿದ್ದರೆ ಏಳೋದೇ ಇಲ್ಲ. ಒಂದು ಚಪ್ಪಲಿ ಎತ್ತಿ ಬೀರುವಿನಲ್ಲಿಟ್ಟುಬಿಟ್ಟೆ. ಅಷ್ಟೇ ನೋಡಿ. ಸ್ವಲ್ಪ ಹೊತ್ತು ಕಾಲಲ್ಲಿ ತಡಕ್ತಾರೆ, ಆಮೇಲೆ ಮರೆತು ಸುಮ್ಮನಾಗ್ತಾರೆ."

ದಾರದಕ್ಕನ ಕಣ್ಣಿಗೆ ನೀರಿನ ಡ್ರಮ್ಮಿನ ಹಿಂಬದಿ ಕಂಡಿತು, ಒಲೆಯ ಬುಡ ಕಂಡಿತು. ಮೆಣಸಿನ ಉರಿಗೆ ಕಣ್ಣೀರು ಸುರಿಸುತ್ತಾ ಮತ್ತೆ ಚಪ್ಪಲಿಗೆ ಬಾಯಿಹಾಕಿದ ಮೂತಿ ಕಂಡಿತು. ನಾಯಿಗೆ ಅಷ್ಟೆಲ್ಲ ತಿಳಿದಿತ್ತೋ, ಬರೀ ಆಟವಾಗಿತ್ತೋ, ಯಾರು ಹೇಳಬಲ್ಲರು? ತಿಳಿದಿರಲಿ ಬಿಡಲಿ, ಗಂಡನನ್ನು ಅಷ್ಟು ದಿನ ಮನೆಯಲ್ಲಿ ಉಳಿಸಿದ್ದು ತನ್ನ ಕಾವಲಲ್ಲ.

ಸಂಜೆ ಮಗಳಿಗೆ ಹೇಳಿದಳು. "ಚಪ್ಪಲಿ ಒಂದನ್ನ ಬಚ್ಚಿಟ್ಟರೆ ಸಾಕು ಕಣೇ. ಅಷ್ಟೇ ಸಾಕು. ಮನೆಗೇ ಕರಕೊಂಡು ಬರೋಣ."

ಮಗಳು ಅಮ್ಮನ ಕೈ ಹಿಡಿದುಕೊಂಡಳು. "ಈಗ ಅವರು ಎದ್ದು ಹೋಗ್ತಾರೆ ಅನ್ನೋ ಭಯ ಅಲ್ಲಮ್ಮಾ. ಅವರನ್ನ ಎತ್ತೋರು ಯಾರು? ಹೊರಳಿಸೋರು ಯಾರು? ನಿನ್ನ ಸೊಂಟಾನೇ ನಿನ್ನ ಮಾತು ಕೇಳಲ್ಲ."

ಆಶ್ರಮಕ್ಕೆ ಹೋದದ್ದು ಹಳೆಯ ಜೋಡಿ, ಬಿದ್ದ ದಿನ ಕಾಲಲ್ಲಿದ್ದ ಆ ತೊಗಲಿನ ಚಪ್ಪಲಿಗಳು ಮನೆಯಲ್ಲೇ ಉಳಿದಿದ್ದವು. ದಾರದಕ್ಕ ಅವನ್ನು ಹಿತ್ತಲಿಗೆ ಒಯ್ದು, ಸೋಪು ಹಚ್ಚಿ, ಪಟ್ಟಿಯ ಹೊಲಿಗೆಯ ಸಂದಿಯನ್ನೂ ಕಡ್ಡಿಯಿಂದ ಕೆರೆದು ತೊಳೆದಳು. ಮೂಗಿಗೆ ಹಿಡಿದು ನೋಡಿದಳು, ಘಾಟು ಇರಲಿಲ್ಲ. ಒಣಗಿಸಿ, ಮಂಚದ ಮುಂದೆ ಮೊದಲಿನ ಜಾಗದಲ್ಲೇ ಜೋಡಿಸಿಟ್ಟಳು.

"ಬಾರೋ. ತಗೊಂಡು ಹೋಗು. ಬೈಯಲ್ಲ, ಬಾ."

ಹವಾಲ್ದಾರ ತಲೆಯೆತ್ತಿ ಅವಳನ್ನು ನೋಡಿತು, ಚಪ್ಪಲಿಯನ್ನು ನೋಡಿತು. ಎದ್ದು ಗೋಡೆಯ ಬದಿಗೆ ಹೋಗಿ, ಬೆನ್ನು ತಿರುಗಿಸಿ, ಮೂತಿಯನ್ನು ಮುಂಗಾಲುಗಳಡಿ ಹುದುಗಿಸಿಕೊಂಡು ಮಲಗಿತು. ದಾರದಕ್ಕ ಗೋಡೆಗೆ ತೂಗುಹಾಕಿದ್ದ ಬಿಲ್ಲನ್ನು ಇಳಿಸಿ ತಂತಿಯನ್ನು ಒಮ್ಮೆ ಮೀಟಿದಳು. ನಾಯಿಯ ಕಿವಿ ಮಾತ್ರ ಅಲುಗಿತು, ಹಾಡು ಬರಲಿಲ್ಲ.

ದೊರೆಸಾನಿ ಮಂಚದಿಂದ ಇಳಿದು ಬಂದಳು. ಒಂದು ಚಪ್ಪಲಿಯನ್ನು ಮುಂಗಾಲಲ್ಲಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಸರಿಯಾಗಿದೆ ಎನಿಸಿರಬೇಕು. ಅದರ ಸುತ್ತ ಮೈ ಸುತ್ತಿಕೊಂಡು, ಮೇಸ್ತ್ರಿಯ ಹಿಮ್ಮಡಿ ಮೂಡಿಸಿದ ಗುಳಿಯಲ್ಲಿ ಗಲ್ಲವಿಟ್ಟು ಕಣ್ಣುಮುಚ್ಚಿದಳು.

ದಾರದಕ್ಕ ಅವಳನ್ನು ಎಬ್ಬಿಸಲಿಲ್ಲ. ಉಳಿದ ಒಂದು ಚಪ್ಪಲಿಯನ್ನು ಕೈಗೆತ್ತಿಕೊಂಡಳು. ಸೊಂಟ ಹಿಡಿದುಕೊಂಡು ಬಗ್ಗಿ, ನೀರಿನ ಡ್ರಮ್ಮಿನ ಹಿಂದೆ, ನಾಯಿ ಇಡುತ್ತಿದ್ದ ಜಾಗದಲ್ಲೇ ಇಟ್ಟಳು.